ಕಿರುಬೀದಿಗಳಲ್ಲಿ ಏಕಮುಖ ಸಂಚಾರ

ಊರು ಬೆಳೆಯುತ್ತದೆ, ಊರಿನ ಹಳೆಯ ಬೀದಿ ಬೆಳೆಯುವುದಿಲ್ಲ. ಸೊಲ್ಲಾಪುರದ ಪೇಟೆಗಳಿರಲಿ, ಆದವಾನಿಯ ಓಣಿಗಳಿರಲಿ, ಹೊಸೂರಿನ ಅಥವಾ ಕಾಸರಗೋಡಿನ ಹಳೆಯ ಅಂಗಡಿಸಾಲುಗಳಿರಲಿ, ಇವೆಲ್ಲ ಕಾಲುನಡೆಗೂ ಎತ್ತಿನ ಗಾಡಿಗೂ ತಕ್ಕಂತೆ ಮೂಡಿಬಂದ ದಾರಿಗಳು. ಅವೇ ದಾರಿಗಳಲ್ಲಿ ಈಗ ಬೈಕು, ಆಟೋರಿಕ್ಷಾ, ಕಾರು, ಸರಕಿನ ಟೆಂಪೊಗಳು ಎರಡೂ ಕಡೆಯಿಂದ ನುಗ್ಗುತ್ತವೆ. ಅವುಗಳ ನಡುವೆಯೇ ಬೆನ್ನಿಗೆ ಪುಸ್ತಕದ ಚೀಲ ಹೊತ್ತ ಮಕ್ಕಳು ಶಾಲೆಗೆ ಬರಬೇಕಾಗಿದೆ. ಮನೆಗಳನ್ನು ಕೆಡವಿ ಬೀದಿಯನ್ನು ಅಗಲಿಸುವುದು ಎಲ್ಲ ಕಡೆಯೂ ಸಾಧ್ಯವಾಗದು; ಎಲ್ಲ ಕಡೆಯೂ ಉಚಿತವೂ ಅಲ್ಲ. ಹೀಗಿರುವಲ್ಲಿ ಇದ್ದ ಅಗಲವನ್ನೇ ವಿವೇಕದಿಂದ ಬಳಸುವ ಉಪಾಯವೊಂದುಂಟು. ವಾಹನಗಳು ಒಂದೇ ದಿಕ್ಕಿನಲ್ಲಿ ಸಾಗುವಂತೆ ಕಟ್ಟುಮಾಡುವ ಈ ಕ್ರಮಕ್ಕೆ ಏಕಮುಖ ಸಂಚಾರವೆಂದು ಹೆಸರು. ಇದರ ಗುಣವೇನು, ದೋಷವೇನು, ನಮ್ಮಂಥ ಊರುಗಳಲ್ಲಿ ಇದನ್ನು ಹೇಗೆ ಜಾರಿಗೆ ತರಬಹುದು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಈ ಉಪಾಯವು ಮೋಟಾರು ಯುಗದ್ದೆಂದು ಅನೇಕರು ಭಾವಿಸುತ್ತಾರೆ. ಆದರೆ ಇದು ಬಹಳ ಪ್ರಾಚೀನವಾದದ್ದು. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೇ ನಗರದ ಕಲ್ಲುಬೀದಿಗಳಲ್ಲಿ ಗಾಡಿಯ ಗಾಲಿಗಳು ಕೊರೆದ ಜಾಡುಗಳು ಇಂದಿಗೂ ಕಾಣುತ್ತವೆ. ಅಮೆರಿಕದ ವಿದ್ವಾಂಸ ಎರಿಕ್ ಪೋಯ್ಲರ್ ಅವರು ಈ ಜಾಡುಗಳನ್ನೂ ಬೀದಿಯಂಚಿನ ಕಲ್ಲುಗಳ ಸವಕಳಿಯನ್ನೂ ಪರೀಕ್ಷಿಸಿ, ಅಲ್ಲಿಯ ಕಿರಿದಾದ ಬೀದಿಗಳಲ್ಲಿ ಗಾಡಿಗಳು ಒಂದೇ ದಿಕ್ಕಿಗೆ ಸಾಗುತ್ತಿದ್ದುವೆಂದು ತೋರಿಸಿದ್ದಾರೆ. ಅವರ ಗ್ರಂಥವು 2017ರಲ್ಲಿ ಪ್ರಕಟವಾಯಿತು. ಲಂಡನ್ ನಗರದಲ್ಲಿ 1617ರಲ್ಲಿಯೇ ಥೇಮ್ಸ್ ಬೀದಿಯ ಆಸುಪಾಸಿನ 17 ಓಣಿಗಳಿಗೆ ಇಂಥ ಕಟ್ಟಳೆಯನ್ನು ವಿಧಿಸಿದರು. 1666ರ ಮಹಾ ಅಗ್ನಿಪ್ರಮಾದವು ಮೊದಲಾದ ಪುಡಿಂಗ್ ಓಣಿಯೂ ಅವುಗಳಲ್ಲೊಂದು. ನಮ್ಮ ನೆರೆಯಲ್ಲಿಯೂ ಉದಾಹರಣೆಗೆ ಕೊರತೆಯಿಲ್ಲ. ಬೇಸಗೆಯಲ್ಲಿ ಪ್ರವಾಸಿಗಳು ಕಿಕ್ಕಿರಿದಾಗ ನೀಲಗಿರಿಗೆ ಹತ್ತುವ ವಾಹನಗಳನ್ನು ಕೂನೂರಿನ ಮಾರ್ಗವಾಗಿಯೂ ಇಳಿಯುವ ವಾಹನಗಳನ್ನು ಕೋಟಗಿರಿಯ ಮಾರ್ಗವಾಗಿಯೂ ಕಳುಹಿಸುವ ಏರ್ಪಾಡನ್ನು ಅಲ್ಲಿಯ ಆಡಳಿತದವರು ಮಾಡುವುದುಂಟು. ಘಟ್ಟದ ತಿರುವಿನಲ್ಲಿ ಕಂಡ ತೊಡಕು ಊರೊಳಗಿನ ಗಲ್ಲಿಯ ತಿರುವಿನಲ್ಲಿಯೂ ಇರುವುದರಿಂದ ಪರಿಹಾರವೂ ಒಂದೇ ಬಗೆಯದಾಗಿದೆ.

ಇನ್ನು ಇದರಿಂದ ಅಪಾಯವು ಹೇಗೆ ತಗ್ಗುತ್ತದೆಂಬುದನ್ನು ಲೆಕ್ಕದಿಂದಲೇ ನೋಡೋಣ. ಎರಡು ಬೀದಿಗಳು ಕೂಡುವ ಚೌಕವೊಂದನ್ನು ಹಲಗೆಯ ಮೇಲೆ ಬರೆಯಿರಿ. ನಾಲ್ಕೂ ಕಡೆಯಿಂದ ವಾಹನಗಳು ಬಂದು, ಪ್ರತಿಯೊಂದೂ ನೇರಕ್ಕೆ, ಎಡಕ್ಕೆ, ಬಲಕ್ಕೆ ಹೋಗಬಹುದಾದರೆ ಒಟ್ಟು 12 ಬಗೆಯ ಗತಿಗಳಾಗುತ್ತವೆ. ಈ ಗತಿಗಳ ಗೆರೆಗಳನ್ನೆಳೆದರೆ ಅವು ಒಂದನ್ನೊಂದು ಅಡ್ಡಹಾಯುವ ಸ್ಥಾನಗಳು 16, ಒಂದರೊಳಗೊಂದು ಸೇರುವ ಸ್ಥಾನಗಳು 8, ಒಂದರಿಂದೊಂದು ಅಗಲುವ ಸ್ಥಾನಗಳು 8, ಅಂತು 32 ಸ್ಥಾನಗಳಲ್ಲಿ ಡಿಕ್ಕಿಗೆ ಆಸ್ಪದವಿದೆ. ಅವೆರಡೂ ಬೀದಿಗಳನ್ನು ಏಕಮುಖವಾಗಿಸಿದರೆ ಉಳಿಯುವ ಗತಿಗಳು ನಾಲ್ಕೇ. ಅಡ್ಡಹಾಯುವ ಸ್ಥಾನ 1, ಸೇರುವ ಸ್ಥಾನಗಳು 2, ಅಗಲುವ ಸ್ಥಾನಗಳು 2, ಹೀಗೆ ಒಟ್ಟು 5 ಮಾತ್ರ. ಅಪಾಯದ ಸ್ಥಾನಗಳು ಕಡಿಮೆಯಾದುವೆಂದರೆ ಚಾಲಕನ ಕಣ್ಣಿಗೂ ಬೀದಿ ದಾಟುವವನ ಮನಸ್ಸಿಗೂ ಹೊರೆ ಕಡಿಮೆಯಾಯಿತು. ಎದುರುಬದುರಾಗಿ ಡಿಕ್ಕಿ ಹೊಡೆಯುವ ಘೋರ ಪ್ರಮಾದಕ್ಕಂತೂ, ಎಲ್ಲರೂ ನಿಯಮವನ್ನು ಪಾಲಿಸಿದರೆ, ಅವಕಾಶವೇ ಇರುವುದಿಲ್ಲ.

ಎರಡನೆಯ ಲಾಭವು ಅಗಲಕ್ಕೆ ಸಂಬಂಧಿಸಿದ್ದು. ಐದು ಮೀಟರು ಅಗಲದ ಬೀದಿಯೊಂದನ್ನು ತೆಗೆದುಕೊಳ್ಳೋಣ. ಸಾಧಾರಣ ಕಾರಿನ ಅಗಲ ಸುಮಾರು 1.7 ಮೀಟರು. ಎರಡು ಕಾರುಗಳು ಎದುರಾದರೆ ಅವೇ ಸುಮಾರು 3.4 ಮೀಟರನ್ನು ನುಂಗುತ್ತವೆ. ಅವುಗಳ ನಡುವೆಯೂ ಇಕ್ಕೆಲದ ಗೋಡೆಗಳ ಬಳಿಯೂ ಅರ್ಧರ್ಧ ಮೀಟರು ಎಡೆ ಬಿಟ್ಟರೆ ಬೀದಿಯೇ ಮುಗಿಯಿತು. ಆಗ ನಡೆಯುವವರು ಚರಂಡಿಯ ಕಲ್ಲನ್ನೇರಬೇಕು, ಇಲ್ಲವೆ ಯಾರದಾದರೂ ಮನೆಯ ಜಗಲಿಯನ್ನೇರಬೇಕು. ಅದೇ ಬೀದಿ ಏಕಮುಖವಾದರೆ ವಾಹನಕ್ಕೆ 3 ಮೀಟರು ಸಾಕು. ಮಿಕ್ಕ 2 ಮೀಟರು ನಡೆಯುವವರ ಪಾಲಿಗೆ ದಕ್ಕುತ್ತದೆ. ಕಾಲುದಾರಿಯು 1.8 ಮೀಟರಿಗೆ ಕಡಿಮೆಯಿರಬಾರದೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು 2012ರ ಮಾರ್ಗಸೂಚಿಯಲ್ಲಿ ಹೇಳಿದೆ. ಏಕಮುಖ ಸಂಚಾರದ ನಿಜವಾದ ಪ್ರಯೋಜನವು ಹೀಗೆ ಉಳಿದ ಈ ಎರಡು ಮೀಟರಿನಲ್ಲಿದೆ. ಆ ಜಾಗವನ್ನು ಕಲ್ಲು ಹಾಸಿ ಎತ್ತರಿಸಿ ಮಕ್ಕಳ ನಡಿಗೆಗೆ ಬಿಟ್ಟರೆ ಕೆಲಸ ಸಾರ್ಥಕ. ಹಾಗೆ ಮಾಡದೆ ಬೈಕುಗಳ ನಿಲುಗಡೆಗೂ ಅಂಗಡಿಯ ಸರಕಿಗೂ ಬಿಟ್ಟುಕೊಟ್ಟರೆ ಹಾಲು ಕಾಯಿಸಿ ಬೆಕ್ಕಿನ ಮುಂದಿಟ್ಟಂತೆ.

ಇಷ್ಟರಿಂದಲೇ ಏಕಮುಖ ಸಂಚಾರವು ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು. ಎದುರಿನಿಂದ ಯಾರೂ ಬರುವುದಿಲ್ಲವೆಂಬ ಧೈರ್ಯವು ಚಾಲಕನ ವೇಗವನ್ನು ಹೆಚ್ಚಿಸುತ್ತದೆ. ಕೆನಡಾ ದೇಶದ ಹ್ಯಾಮಿಲ್ಟನ್ ನಗರದಲ್ಲಿ 1978ರಿಂದ 1994ರ ವರೆಗೆ ಮಕ್ಕಳಿಗಾದ ಅಪಘಾತಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ನಡೆದುಹೋಗುವ ಮಕ್ಕಳು ಗಾಯಗೊಂಡ ಪ್ರಮಾಣವು ಅಲ್ಲಿಯ ಏಕಮುಖ ಬೀದಿಗಳಲ್ಲಿ ಇಮ್ಮುಖ ಬೀದಿಗಳಿಗಿಂತ ಎರಡೂವರೆ ಪಟ್ಟು ಅಧಿಕವಾಗಿತ್ತೆಂದು ಅದರಿಂದ ಕಂಡುಬಂದಿತು. ಅಮೆರಿಕದ ಲೂಯಿವಿಲ್ ನಗರದವರು 2011ರಲ್ಲಿ ತಮ್ಮ ಎರಡು ಏಕಮುಖ ಬೀದಿಗಳನ್ನು ಮರಳಿ ಇಮ್ಮುಖವಾಗಿಸಿದಾಗ ಅಲ್ಲಿಯ ಅಪಘಾತಗಳು ಇಳಿದುವು. ಓದುಗರು ಇದನ್ನು ಕಂಡು ಗಲಿಬಿಲಿಗೊಳ್ಳಬೇಕಾಗಿಲ್ಲ. ಅಗಲವಾದ ಬೀದಿಯನ್ನು ಏಕಮುಖವಾಗಿಸಿದರೆ ಅದು ಓಟದ ಮೈದಾನವಾಗುತ್ತದೆ; ಕಿರಿದಾದ ಬೀದಿಯನ್ನು ಏಕಮುಖವಾಗಿಸಿ ವಾಹನದ ಪಾಲನ್ನೂ ಕಿರಿದಾಗಿಯೇ ಇಟ್ಟರೆ ಅಲ್ಲಿ ಓಡುವ ಮನಸ್ಸೇ ಬಾರದು. ಆದುದರಿಂದ ದಿಕ್ಕನ್ನು ಕಟ್ಟುವಾಗಲೇ ವೇಗವನ್ನೂ ಕಟ್ಟಬೇಕು.

ವೇಗದ ಪರಿಣಾಮವನ್ನೂ ಸ್ವಲ್ಪ ಗಣಿಸೋಣ. ಗಂಟೆಗೆ 20 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿಗೆ ಸುಮಾರು 5.6 ಮೀಟರು ಸಾಗುತ್ತದೆ. 40 ಕಿಲೋಮೀಟರಾದರೆ ಸುಮಾರು 11 ಮೀಟರು. ಚೆಂಡಿನ ಹಿಂದೆ ಓಡಿಬಂದ ಮಗುವನ್ನು ಕಂಡು ಚಾಲಕನು ಬ್ರೇಕನ್ನು ಒತ್ತುವಷ್ಟರಲ್ಲಿಯೇ ಒಂದು ಸೆಕೆಂಡು ಕಳೆಯುತ್ತದೆನ್ನೋಣ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಮೊದಲನೆಯ ವಾಹನವು ಒಟ್ಟು ಸುಮಾರು 8 ಮೀಟರಿನಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ ಸುಮಾರು 20 ಮೀಟರು ಬೇಕು. ವೇಗವು ಇಮ್ಮಡಿಯಾದರೆ ಚಲನಶಕ್ತಿಯು ನಾಲ್ಮಡಿಯಾಗುತ್ತದೆಂಬ ಭೌತಶಾಸ್ತ್ರದ ಪಾಠವು ಇಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆಗಳಲ್ಲಿ ಗಂಟೆಗೆ 30 ಕಿಲೋಮೀಟರನ್ನು ಮೀರದ ಮಿತಿಯಿರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆಯು ಒತ್ತಿ ಹೇಳಿದೆ. ಶಾಲೆಯ ಓಣಿಗೆ ಇದಕ್ಕಿಂತಲೂ ಕಡಿಮೆಯಿದ್ದರೆ ಒಳಿತು. ಬರಿಯ ಫಲಕದಿಂದ ವೇಗ ತಗ್ಗದು. ರಸ್ತೆಯುಬ್ಬು, ಎತ್ತರಿಸಿದ ದಾಟುಪಟ್ಟೆ ಮುಂತಾದುವು ಅಗತ್ಯ.

ದಿಕ್ಕನ್ನು ಆರಿಸುವುದರಲ್ಲಿಯೂ ಜಾಣತನ ಬೇಕು. ಸ್ಪೇನಿನ ಬಾರ್ಸಿಲೋನಾದಲ್ಲಿ ಒಂಬತ್ತು ಮನೆಸಾಲುಗಳ ಚೌಕಗಳನ್ನು ಒಂದು ಗುಂಪಾಗಿ ಎಣಿಸಿ, ಒಳಬೀದಿಗಳ ದಿಕ್ಕನ್ನು ಸುತ್ತುವಂತೆ ಏರ್ಪಡಿಸಿದ್ದಾರೆ. ಒಳಗೆ ಬಂದ ವಾಹನವು ಸುತ್ತಿಕೊಂಡು ತಾನು ಬಂದ ಕಡೆಗೇ ಹೊರಡುತ್ತದೆ. ನೇರವಾಗಿ ಹಾದು ಆಚೆಯ ಹೆದ್ದಾರಿಗೆ ಸೇರಲು ಬರುವುದಿಲ್ಲ. ಹೀಗಾಗಿ ಆ ಬೀದಿಯಲ್ಲಿ ಕೆಲಸವಿದ್ದವರು ಮಾತ್ರ ಬರುತ್ತಾರೆ, ಅಡ್ಡದಾರಿ ಹುಡುಕುವವರು ದೂರ ಉಳಿಯುತ್ತಾರೆ. ಸುತ್ತು ಹೆಚ್ಚಾಗುವುದೆಂಬ ಆಕ್ಷೇಪವುಂಟು. ಆದರೆ 300 ಮೀಟರಿನ ಸುತ್ತಿಗೆ 20 ಕಿಲೋಮೀಟರು ವೇಗದಲ್ಲಿಯೂ ಒಂದು ನಿಮಿಷ ಹಿಡಿಯದು. ಸೈಕಲ್ಲಿನಲ್ಲಿ ಬರುವ ಮಕ್ಕಳಿಗೆ ಈ ಸುತ್ತು ಭಾರವೆನಿಸಬಹುದು. ಬೆಲ್ಜಿಯಂ ದೇಶದಲ್ಲಿ ಇಂಥ ಅನೇಕ ಬೀದಿಗಳಲ್ಲಿ ಸೈಕಲ್ಲಿಗೆ ಮಾತ್ರ ಎರಡೂ ದಿಕ್ಕಿಗೆ ಅನುಮತಿ ಕೊಟ್ಟಿದ್ದಾರೆ.

ಇದನ್ನು ಯಾರು ಮಾಡಬೇಕು? 1988ರ ಮೋಟಾರು ವಾಹನಗಳ ಕಾಯಿದೆಯ 115ನೆಯ ಕಲಮು ರಾಜ್ಯ ಸರ್ಕಾರಕ್ಕೂ ಅದು ಅಧಿಕಾರವಿತ್ತವರಿಗೂ, ಸಾರ್ವಜನಿಕರ ಸುರಕ್ಷತೆಗಾಗಿ ವಾಹನಗಳ ಸಂಚಾರವನ್ನು ನಿರ್ಬಂಧಿಸುವ ಹಕ್ಕನ್ನು ಕೊಟ್ಟಿದೆ. ಅದಕ್ಕೆ ಸರ್ಕಾರಿ ಗೆಜೆಟ್ಟಿನಲ್ಲಿ ಪ್ರಕಟಣೆ ಬೇಕು. ಆದರೆ ನಿರ್ಬಂಧವು ಒಂದು ತಿಂಗಳನ್ನು ಮೀರದಿದ್ದರೆ ಗೆಜೆಟ್ಟಿನ ಪ್ರಕಟಣೆ ಬೇಡ, ಸ್ಥಳದಲ್ಲಿ ತಕ್ಕಷ್ಟು ಪ್ರಚಾರ ಮಾಡಿದರೆ ಸಾಕು. ಇದು ನಮಗೆ ಬಹು ಉಪಯುಕ್ತವಾದ ಮಾತು. ಒಂದು ತಿಂಗಳು ಪ್ರಯೋಗ ಮಾಡಿ, ಗುಣದೋಷಗಳನ್ನು ಕಂಡು, ಬಳಿಕ ಸ್ಥಿರಪಡಿಸುವಂತೆ ಅಧಿಕಾರಿಗಳನ್ನು ಕೇಳಿಕೊಳ್ಳಬಹುದು. ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಗುರುಗಳ ಸಂಗಡ, ವಾಹನಗಳಿಲ್ಲದ ಹೊತ್ತಿನಲ್ಲಿ ಟೇಪು ಹಿಡಿದು ಬೀದಿಯ ಅಗಲವನ್ನು ಹತ್ತು ಕಡೆ ಅಳೆಯಿರಿ. ಶಾಲೆ ಸೇರುವ ಮತ್ತು ಬಿಡುವ ಹೊತ್ತಿನಲ್ಲಿ ಜಗಲಿಯ ಮೇಲೆ ಕುಳಿತು, ಪ್ರತಿ ಹದಿನೈದು ನಿಮಿಷಕ್ಕೆ ಯಾವ ದಿಕ್ಕಿಗೆ ಎಷ್ಟು ವಾಹನ, ಎಷ್ಟು ಮಂದಿ ಎಂದು ಗುರುತು ಹಾಕಿರಿ. ನಕ್ಷೆ ಬರೆಯಿರಿ. ಬೀದಿಯ ನಿವಾಸಿಗಳನ್ನೂ ಅಂಗಡಿಯವರನ್ನೂ ವಿಚಾರಿಸಿ ಅವರ ಅಡಚಣೆಯನ್ನೂ ಬರೆದುಕೊಳ್ಳಿರಿ. ಇಂಥ ಲೆಕ್ಕಪತ್ರವಿದ್ದ ಅರ್ಜಿಗೆ ಬರಿಯ ದೂರಿಗಿಂತ ಹೆಚ್ಚು ತೂಕವಿರುತ್ತದೆ.

ನಮ್ಮ ಮಕ್ಕಳು ಬೀದಿಯಲ್ಲಿ ಕಾಣುವ ಫಲಕಗಳು ಕನ್ನಡದಲ್ಲಿಯೇ ಇರುತ್ತವೆಂದು ಹೇಳಲಾಗದು. ಮರಾಠಿಯಲ್ಲಿ 'ಏಕದಿಶಾ ಮಾರ್ಗ' ಎಂದೋ ತಮಿಳಿನಲ್ಲಿ 'ಒರುವಳಿ ಪಾದೈ' ಎಂದೋ ಬರೆದಿರಬಹುದು. ಆದರೆ ಕೆಂಪು ವೃತ್ತದ ನಡುವೆ ಬಿಳಿಯ ಅಡ್ಡಪಟ್ಟಿಯಿರುವ ಫಲಕಕ್ಕೆ ಭಾಷೆಯ ಹಂಗಿಲ್ಲ. 'ಈ ಕಡೆಯಿಂದ ವಾಹನಕ್ಕೆ ಪ್ರವೇಶವಿಲ್ಲ' ಎಂಬುದೇ ಅದರ ಅರ್ಥ. ಅದನ್ನು ಮೀರಿ ಎದುರು ದಿಕ್ಕಿಗೆ ಓಡಿಸುವುದನ್ನು 2019ರ ತಿದ್ದುಪಡಿಯು ಅಪಾಯಕರ ಚಾಲನೆಯ ಅಪರಾಧಗಳ ಸಾಲಿಗೆ ಸೇರಿಸಿದೆ. ಹಾಗಿದ್ದರೂ ಮೀರುವವರು ಇದ್ದೇ ಇರುತ್ತಾರೆ. ಆದಕಾರಣ ಬೀದಿ ಏಕಮುಖವಾದರೂ ಮಕ್ಕಳು ದಾಟುವ ಮುನ್ನ ಎರಡೂ ಕಡೆ ನೋಡಲೇಬೇಕು. ನಿಂತ ವಾಹನಗಳ ಮರೆಯಿಂದ ಹಠಾತ್ತನೆ ಹೊರಬರಲೇಬಾರದು.

ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಹೊತ್ತಾಯಿತೆಂದು ಮಗುವನ್ನು ಬೈಕಿನ ಹಿಂದೆ ಕೂರಿಸಿಕೊಂಡು ಎದುರು ದಿಕ್ಕಿನಿಂದ ನುಗ್ಗುವ ತಂದೆಯು, ನಿಯಮವು ಪರರಿಗೆ ಮಾತ್ರವೆಂಬ ಪಾಠವನ್ನು ತನ್ನ ಮಗುವಿಗೆ ಕಲಿಸುತ್ತಿರುತ್ತಾನೆ. ಆ ಪಾಠವನ್ನು ಅಳಿಸುವುದು ಯಾವ ಶಾಲೆಗೂ ಸುಲಭವಲ್ಲ. ಒಂದು ನಿಮಿಷದ ಸುತ್ತನ್ನು ಎಲ್ಲರೂ ಸಹಿಸಿಕೊಂಡರೆ ಎಲ್ಲರ ಮಕ್ಕಳೂ ನಿರ್ಭಯವಾಗಿ ನಡೆದು ಬರುವ ಬೀದಿ ನಮ್ಮದಾಗುತ್ತದೆ. ಬೀದಿಯು ಕಿರಿದಾಗಿದ್ದರೂ ಅದನ್ನು ಹಂಚಿಕೊಳ್ಳುವ ಮನಸ್ಸು ಕಿರಿದಾಗದಿರಲಿ.