ಹಾಡಿನ ಹೆಜ್ಜೆಯಲ್ಲಿ ಮರಳುವ ತ್ರಾಣ

ತೀವ್ರ ನಿಗಾ ಘಟಕದಲ್ಲಿ ಹಲವು ದಿನ ಕಳೆದು ಬದುಕಿ ಬಂದವರನ್ನು ಮನೆಗೆ ಕರೆತಂದಾಗ ನಮ್ಮ ಕುಟುಂಬಗಳಲ್ಲಿ ಮೊದಲು ಹೊರಡುವ ಮಾತು "ಮಲಗಿಕೊಳ್ಳಿ, ಏಳಬೇಡಿ" ಎಂಬುದೇ. ಅಕ್ಕರೆಯಿಂದ ಹುಟ್ಟಿದ ಈ ಮಾತು ಎಷ್ಟೋ ಸಲ ರೋಗಿಗೆ ಕೇಡನ್ನೇ ಮಾಡುತ್ತದೆಂಬುದನ್ನು ನಾವು ಅರಿಯಬೇಕಾಗಿದೆ.

2013ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂತಹ 63 ರೋಗಿಗಳ ತೊಡೆಯ ಸ್ನಾಯುವನ್ನು ಅಳೆದು ನೋಡಲಾಗಿತ್ತು. ಹತ್ತೇ ದಿನಗಳಲ್ಲಿ ಅದರ ಗಾತ್ರ ಸರಾಸರಿ ಶೇಕಡಾ 17ಕ್ಕೂ ಹೆಚ್ಚು ಕುಗ್ಗಿತ್ತು. ಕಾಯಿಲೆ ವಾಸಿಯಾದರೂ ಎದ್ದು ನಿಲ್ಲಲು ಕಾಲು ಸಾಲದಿರುವುದಕ್ಕೆ ಕಾರಣವಿದು. ಇದರೊಡನೆ ನಿದ್ರಾಭಂಗ, ಮರೆವು, ಕಾರಣವಿಲ್ಲದ ಅಂಜಿಕೆಗಳೂ ಸೇರಿಕೊಳ್ಳುತ್ತವೆ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಈ ಸ್ಥಿತಿಯನ್ನು ಎಷ್ಟೋ ಮನೆಗಳು ಕಣ್ಣಾರೆ ಕಂಡವು.

ಬಾಳ್ಳುಪೇಟೆಯ ಸುತ್ತಣ ಊರುಗಳವರಿಗೆ ದೊಡ್ಡಾಸ್ಪತ್ರೆಯೆಂದರೆ ಹಾಸನ, ಇಲ್ಲವೇ ಘಟ್ಟವಿಳಿದು ಮಂಗಳೂರು. ವಾರಕ್ಕೆ ಮೂರು ಸಲ ವ್ಯಾಯಾಮ ಚಿಕಿತ್ಸೆಗೆಂದು, ಅದರಲ್ಲೂ ಮಳೆಗಾಲದಲ್ಲಿ, ರೋಗಿಯನ್ನು ತೋಟದ ಮನೆಯಿಂದ ಅಷ್ಟು ದೂರ ಒಯ್ಯುವುದು ಯಾರಿಂದಾದೀತು? ಆದ್ದರಿಂದ ಮನೆಯೇ ಚಿಕಿತ್ಸಾಲಯವಾಗಬೇಕು. ಅಲ್ಲಿ ಸಂಗೀತ ನೆರವಿಗೆ ಬರುತ್ತದೆ.

1990ರ ದಶಕದಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೈಕೆಲ್ ಥೌಟ್ ಮತ್ತು ಅವರ ಸಂಗಡಿಗರು ಪಾರ್ಶ್ವವಾಯು ಪೀಡಿತರನ್ನು ತಾಳಕ್ಕೆ ತಕ್ಕಂತೆ ನಡೆಸಿ, ಅವರ ಹೆಜ್ಜೆ ಚುರುಕಾಗಿ ಸಮಗೊಂಡುದನ್ನು ತೋರಿಸಿದರು. ಕಿವಿ ಮುಂದಿನ ಪೆಟ್ಟನ್ನು ಎದುರು ನೋಡುತ್ತದೆ. ಕಾಲು ಅದಕ್ಕೆ ಸಿದ್ಧವಾಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸ ವಿಷಯವೇನಲ್ಲ. ಬೀಸುವಾಗ, ನಾಟಿ ಹಾಕುವಾಗ ಹಾಡಿದ ಪದಗಳು ಮಾಡಿದ ಕೆಲಸವೂ ಇದೇ ಅಲ್ಲವೇ? ನಿಗಾ ಘಟಕದಿಂದ ಬಂದವರಿಗೆ ಸಂಗೀತವೊಂದೇ ಬಲ ತರುತ್ತದೆಂದು ಹೇಳುವಂತಿಲ್ಲ. ಬಲ ತರುವುದು ವ್ಯಾಯಾಮ, ಅದನ್ನು ಬೇಸರವಿಲ್ಲದೆ ನಡೆಸುವುದು ಹಾಡು.

ಹಾಡನ್ನು ರೋಗಿಯೇ ಆರಿಸಲಿ. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ ಮನಸ್ಸಿಗೆ ಎಷ್ಟು ಹಿತವಾದರೂ ನಿಧಾನವಾದ ಆಲಾಪಕ್ಕೆ ಹೆಜ್ಜೆಯಿಡಲಾಗದು. ಅದು ವಿಶ್ರಾಂತಿಯ ವೇಳೆಗಿರಲಿ. ವೀರಗಾಸೆಯ ವಾದ್ಯವಂತೂ ಸದ್ಯಕ್ಕೆ ಬೇಡವೇ ಬೇಡ! ತಾಳ ಸ್ಪಷ್ಟವಾಗಿ ಕೇಳುವ ಭಜನೆಯೋ ಜನಪದ ಗೀತೆಯೋ ಒಳ್ಳೆಯದು.

ವೈದ್ಯರ ಒಪ್ಪಿಗೆ ಪಡೆದ ಮೇಲೆ ಮೊದಲ ಕೆಲವು ದಿನ ಕುರ್ಚಿಯಲ್ಲಿ ಕುಳಿತೇ ತಾಳಕ್ಕೆ ಹಿಮ್ಮಡಿ ಎತ್ತಿಳಿಸುವುದು, ಮೊಣಕಾಲು ನೀಡುವುದು ಸಾಕು. ಅನಂತರ ಕುರ್ಚಿಯಿಂದ ಎದ್ದು ಕೂರುವುದು; ಒಬ್ಬರು ಪಕ್ಕದಲ್ಲೇ ನಿಂತಿರಬೇಕು. ನಡಿಗೆ ಆರಂಭಿಸಿದಾಗ ಅವರು ಸಹಜವಾಗಿ ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಾರೆಂದು ಎಣಿಸಿ, ಅಷ್ಟೇ ವೇಗದ ಹಾಡನ್ನು ಹುಡುಕಬೇಕು. ನಿಮಿಷಕ್ಕೆ 60 ಹೆಜ್ಜೆಯಾದರೆ ಕ್ಷಣಕ್ಕೊಂದು ಪೆಟ್ಟಿನ ಹಾಡು. ಹಾಡಿಗೆ ರೋಗಿಯನ್ನು ಓಡಿಸಬಾರದು, ರೋಗಿಗೆ ಹಾಡು ಹೊಂದಬೇಕು. ಒಂದು ವಾರ ಆಯಾಸವಿಲ್ಲದೆ ಸಾಗಿದರೆ ನಾಲ್ಕೈದು ಹೆಜ್ಜೆ ಹೆಚ್ಚಿಸಬಹುದು. ಬೆಳಗ್ಗೆ ಒಂದು ಹಾಡು, ಸಂಜೆ ಒಂದು ಹಾಡು ಆರಂಭಕ್ಕೆ ಧಾರಾಳ. ನಮ್ಮ ಕಡೆಯ ಏರಿಳಿತದ ದಾರಿ ಈಗ ತರವಲ್ಲ. ಬೇಸಿಗೆಯಾದರೆ ಮಟ್ಟಸವಾದ ಕಾಫಿ ಕಣ, ಮಳೆಯಾದರೆ ಜಾರದ ಪಡಸಾಲೆ.

ನಡೆಯುತ್ತ ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತಲೆ ಸುತ್ತಿದರೆ, ಉಸಿರಿನ ಅಳತೆ ವೈದ್ಯರು ಹೇಳಿದ ಮಿತಿಗಿಂತ ಇಳಿದರೆ ಹಾಡು ಮುಗಿಯಲೆಂದು ಕಾಯದೆ ಕೂರಿಸಬೇಕು. ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಯ ಮಕ್ಕಳು ಯಾರಾದರೂ ದಿನದ ಹಾಡು, ಹೆಜ್ಜೆಗಳ ಎಣಿಕೆ, ಆದ ಆಯಾಸ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಮುಂದಿನ ಸಲ ಹಾಸನಕ್ಕೆ ಹೋಗುವಾಗ ಔಷಧದ ಚೀಟಿಯೊಡನೆ ಅದನ್ನೂ ಒಯ್ದು ವೈದ್ಯರಿಗೆ ತೋರಿಸತಕ್ಕದ್ದು.