ಬಲವಾದ ಎಲೆ ಬಂದಾಗ ಪಣ ಏರಿಸಬೇಕೆ? ಅರ್ಧ ಪಾಲಿನ ಆಟವೊಂದರ ಲೆಕ್ಕಾಚಾರ

ಅವಕಾಶ ಒಳ್ಳೆಯದಿದ್ದರೆ ಬಂಡವಾಳವನ್ನು ಹೆಚ್ಚಿಸಬೇಕೆಂಬುದು ವ್ಯಾಪಾರ ವಲಯದಲ್ಲಿ ಎಲ್ಲರೂ ಒಪ್ಪುವ ಮಾತು. ಆದರೆ ಆ ಅವಕಾಶದಿಂದ ಬರುವ ಲಾಭ ಪೂರ್ಣವಾಗಿ ನಮ್ಮದೋ, ಇನ್ನೊಬ್ಬರೊಡನೆ ಹಂಚಿಕೊಳ್ಳಬೇಕಾದುದೋ ಎಂಬ ಪ್ರಶ್ನೆಯನ್ನು ಹಣ ಹೂಡುವ ಮುನ್ನ ಕೇಳಿಕೊಳ್ಳುವವರು ವಿರಳ. ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುವ ಒಂದು ಇಸ್ಪೀಟಾಟ ಅಮೆರಿಕದಲ್ಲಿ ರೂಢಿಯಲ್ಲಿದೆ. ಅದರ ಹೆಸರು ಸೆವೆನ್ ಕಾರ್ಡ್ ಸ್ಟಡ್ ಹೈ-ಲೋ. ಇದು ಪೋಕರ್ ಆಟದ ಒಂದು ಪ್ರಕಾರ.

ವಾಣಿಜ್ಯ ಪತ್ರಿಕೆಯಲ್ಲಿ ಇಸ್ಪೀಟಿನ ವಿಷಯವೇಕೆ ಎಂದು ಓದುಗರು ಕೇಳಬಹುದು. ಗಣಿತಜ್ಞ ಜಾನ್ ವಾನ್ ನ್ಯೂಮನ್ ಮತ್ತು ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್ 1944ರಲ್ಲಿ ಪ್ರಕಟಿಸಿದ 'ಥಿಯರಿ ಆಫ್ ಗೇಮ್ಸ್ ಅಂಡ್ ಎಕನಾಮಿಕ್ ಬಿಹೇವಿಯರ್' ಎಂಬ ಗ್ರಂಥದಲ್ಲಿ ಪೋಕರ್ ಆಟದ ವಿಶ್ಲೇಷಣೆಗೇ ಒಂದು ಭಾಗ ಮೀಸಲಾಗಿದೆ. ಎದುರಾಳಿಯ ಕೈಯಲ್ಲಿ ಏನಿದೆಯೆಂದು ಪೂರ್ಣವಾಗಿ ತಿಳಿಯದೆ ಹಣ ಹೂಡಬೇಕಾದ ಸ್ಥಿತಿ ಆಟಗಾರನಿಗೂ ವರ್ತಕನಿಗೂ ಸಮಾನ. ಈ ಲೇಖನವು ಜೂಜಿಗೆ ಆಹ್ವಾನವಲ್ಲ. ಕೌಶಲದ ಆಟವಾಗಲಿ, ಅದೃಷ್ಟದ ಆಟವಾಗಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಇಲ್ಲಿನ ಲೆಕ್ಕಗಳನ್ನು ಹುಣಸೆ ಬೀಜಗಳನ್ನಿಟ್ಟುಕೊಂಡು ಮನೆಯಲ್ಲಿಯೇ ಪರೀಕ್ಷಿಸಬಹುದು.

ಆಟದ ಸ್ವರೂಪ

ಆರಂಭದಲ್ಲಿ ಎಲ್ಲರೂ ಒಂದೊಂದು ಬಿಲ್ಲೆಯನ್ನು ನಡುವಿನ ರಾಶಿಗೆ ಹಾಕುತ್ತಾರೆ. ಪ್ರತಿಯೊಬ್ಬನಿಗೂ ಎರಡು ಎಲೆಗಳನ್ನು ಮುಚ್ಚಿ, ಒಂದನ್ನು ತೆರೆದು ಹಂಚಲಾಗುತ್ತದೆ. ತೆರೆದ ಎಲೆಗಳಲ್ಲಿ ಅತಿ ಸಣ್ಣದನ್ನು ಪಡೆದವನು ಕಡ್ಡಾಯವಾಗಿ ಒಂದು ಅಲ್ಪ ಪಣವನ್ನು ಒಡ್ಡಬೇಕು. ಉಳಿದವರು ಸರದಿಯಂತೆ ಆ ಪಣವನ್ನು ಸರಿಗಟ್ಟಬಹುದು, ಏರಿಸಬಹುದು ಅಥವಾ ಎಲೆಗಳನ್ನು ಕೆಳಗಿಟ್ಟು ಆಟ ಬಿಡಬಹುದು. ಅನಂತರ ನಾಲ್ಕು, ಐದು ಮತ್ತು ಆರನೆಯ ಎಲೆಗಳು ತೆರೆದೇ ಬರುತ್ತವೆ. ಏಳನೆಯದು ಮುಚ್ಚಿ ಬರುತ್ತದೆ. ಮೂರನೆಯ ಎಲೆಯಿಂದ ಮೊದಲ್ಗೊಂಡು ಪ್ರತಿ ಎಲೆಯ ನಂತರವೂ ಪಣದ ಒಂದು ಸುತ್ತು ನಡೆಯುತ್ತದೆ. ಪಣದ ಮೊತ್ತ ನಿಗದಿಯಾಗಿರುತ್ತದೆ. ಮೊದಲ ಎರಡು ಸುತ್ತುಗಳಲ್ಲಿ ಅದು 10 ಬಿಲ್ಲೆಯಾದರೆ, ಐದನೆಯ ಎಲೆಯಿಂದ ಮುಂದಿನ ಮೂರು ಸುತ್ತುಗಳಲ್ಲಿ 20 ಬಿಲ್ಲೆ.

ಕೊನೆಯಲ್ಲಿ ರಾಶಿಯನ್ನು ಎರಡು ಪಾಲು ಮಾಡಲಾಗುತ್ತದೆ. ಏಳು ಎಲೆಗಳಲ್ಲಿ ಅತ್ಯುತ್ತಮವಾದ ಐದನ್ನು ಹೊಂದಿದವನಿಗೆ 'ಮೇಲಿನ ಪಾಲು' ಸಲ್ಲುತ್ತದೆ. 8ಕ್ಕಿಂತ ದೊಡ್ಡದಲ್ಲದ, ಬೇರೆ ಬೇರೆ ಬೆಲೆಯ ಐದು ಎಲೆಗಳನ್ನು ಕೂಡಿಸಿ, ಅವು ಎಲ್ಲರಿಗಿಂತ ಸಣ್ಣವಾಗಿದ್ದರೆ ಅವನಿಗೆ 'ಕೆಳಗಿನ ಪಾಲು' ಸಲ್ಲುತ್ತದೆ. ಇಂತಹ ಐದು ಸಣ್ಣ ಎಲೆಗಳು ಯಾರಲ್ಲಿಯೂ ಕೂಡದಿದ್ದರೆ ಇಡೀ ರಾಶಿಯೂ ಮೇಲಿನ ಪಾಲನ್ನು ಗೆದ್ದವನಿಗೇ ಸೇರುತ್ತದೆ. ಒಬ್ಬನೇ ಎರಡೂ ಪಾಲುಗಳನ್ನು ಗೆಲ್ಲಬಹುದು. ಎಕ್ಕವನ್ನು ಅತಿ ದೊಡ್ಡ ಎಲೆಯೆಂದೂ ಅತಿ ಸಣ್ಣ ಎಲೆಯೆಂದೂ ಬಳಸಬಹುದು. ಎಕ್ಕ, 2, 3, 4, 5 ಕೂಡಿದರೆ ಅದು ಅತ್ಯುತ್ತಮ ಸಣ್ಣ ಕೈ. ಅದೇ ಕಾಲಕ್ಕೆ ಮೇಲಿನ ಪಾಲಿಗೆ ಸ್ಪರ್ಧಿಸಬಲ್ಲ ಸರಣಿಯೂ ಹೌದು.

ಅರ್ಧ ಗೆದ್ದರೆ ಲಾಭವೆಷ್ಟು?

ಯಾರೂ ಪಣ ಏರಿಸದೆ ಪ್ರತಿ ಸುತ್ತಿನಲ್ಲಿಯೂ ಒಂದೊಂದು ಪಣ ಮಾತ್ರ ಬಿದ್ದಿತೆನ್ನೋಣ. ಕೊನೆಯವರೆಗೆ ಉಳಿದವನು ಒಟ್ಟು 80 ಬಿಲ್ಲೆಗಳನ್ನು ಹೂಡಿರುತ್ತಾನೆ. ಇಬ್ಬರೇ ಉಳಿದಿದ್ದರೆ ರಾಶಿ 160. ಅರ್ಧ ಗೆದ್ದವನಿಗೆ ಬರುವುದು 80, ಅಂದರೆ ಹಾಕಿದ ಅಸಲು ಮಾತ್ರ. ಆಟ ಬಿಟ್ಟವರು ಆರಂಭದಲ್ಲಿ ಹಾಕಿದ ಚಿಲ್ಲರೆಯಲ್ಲಿ ಅರ್ಧವಷ್ಟೇ ಅವನ ಗಳಿಕೆ. ಅಮೆರಿಕದ ಆಟದ ಮನೆಗಳು ಪ್ರತಿ ರಾಶಿಯಿಂದ ತಮ್ಮ ಕಮಿಷನ್ ಕಳೆದುಕೊಳ್ಳುವುದರಿಂದ ಆ ಚಿಲ್ಲರೆಯೂ ಉಳಿಯುವ ಭರವಸೆಯಿಲ್ಲ.

ಮೂವರು ಉಳಿದರೆ ರಾಶಿ 240. ಅರ್ಧ ಗೆದ್ದವನಿಗೆ ಲಾಭ 40, ಪೂರ್ಣ ಗೆದ್ದವನಿಗೆ 160. ನಾಲ್ವರು ಉಳಿದರೆ ರಾಶಿ 320. ಅರ್ಧಕ್ಕೆ ಲಾಭ 80, ಪೂರ್ಣಕ್ಕೆ 240. ಪೂರ್ಣ ರಾಶಿಯು ಅರ್ಧ ರಾಶಿಯ ಎರಡರಷ್ಟಿದ್ದರೂ ಲಾಭ ಎರಡರಷ್ಟಲ್ಲ. ಮೂವರಿದ್ದಾಗ ಅದು ನಾಲ್ಕರಷ್ಟು, ನಾಲ್ವರಿದ್ದಾಗ ಮೂರರಷ್ಟು. ಹೂಡಿದ ಅಸಲು ಎರಡೂ ಸಂದರ್ಭಗಳಲ್ಲಿ ಒಂದೇ ಆಗಿರುವುದೇ ಇದಕ್ಕೆ ಕಾರಣ. ಆದುದರಿಂದ ಈ ಆಟದಲ್ಲಿ ಬಲವಾದ ಆರಂಭವೆಂದರೆ ಎರಡೂ ಪಾಲುಗಳನ್ನು ಗೆಲ್ಲುವ ಸಾಧ್ಯತೆಯುಳ್ಳ ಆರಂಭ.

ಪಣ ಏರಿಸುವುದರಿಂದ ಎರಡು ಪರಿಣಾಮಗಳು ಏಕಕಾಲದಲ್ಲಿ ಉಂಟಾಗುತ್ತವೆ. ಒಂದನೆಯದು, ರಾಶಿ ಬೆಳೆಯುತ್ತದೆ. ಎರಡನೆಯದು, ಇನ್ನೂ ಹಣ ಹಾಕದಿರುವ ಕೆಲವರು ಆಟ ಬಿಡುತ್ತಾರೆ. ಈ ಎರಡರಲ್ಲಿ ತನಗೆ ಬೇಕಾದುದು ಯಾವುದೆಂದು ತಿಳಿಯದೆ, ಎಲೆ ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ ಪಣ ಏರಿಸುವವನು ತನಗೇ ನಷ್ಟ ತಂದುಕೊಳ್ಳಬಹುದು.

ನಾಲ್ಕು ಬಗೆಯ ಬಲವಾದ ಆರಂಭಗಳು

1. ಮೂರೂ ಒಂದೇ ಬೆಲೆಯ ಎಲೆಗಳು: 52 ಎಲೆಗಳಿಂದ ಮೂರನ್ನು 22,100 ವಿಧಗಳಲ್ಲಿ ಆರಿಸಬಹುದು. ಅವುಗಳಲ್ಲಿ ಮೂರೂ ಒಂದೇ ಆಗುವುದು 52 ವಿಧಗಳಲ್ಲಿ ಮಾತ್ರ, ಎಂದರೆ 425ಕ್ಕೆ ಒಮ್ಮೆ. ಇಂತಹ ಕೈ ಬಂದಾಗ ಸಾಮಾನ್ಯವಾಗಿ ಪಣ ಏರಿಸುವುದೇ ಸರಿ. ತೆರೆದ ಎಲೆ 4 ಅಥವಾ 5 ಆಗಿದ್ದರೆ ಎದುರಾಳಿಗಳು ಇವನು ಸಣ್ಣ ಎಲೆಗಳ ಆಟ ಆಡುತ್ತಿದ್ದಾನೆಂದು ಭಾವಿಸಿ ಹಣ ಹಾಕುತ್ತಾರೆ. ಮೇಲಿನ ಪಾಲಿನ ಬಲ ಅವರಿಗೆ ಕಾಣುವುದಿಲ್ಲ.

2. ಎಕ್ಕದ ಜೋಡಿ ಮತ್ತು ಒಂದು ಸಣ್ಣ ಎಲೆ: ಮೂರು ಎಲೆಗಳಲ್ಲಿ ಎಕ್ಕದ ಜೋಡಿ ಬರುವ ಸಾಧ್ಯತೆ ನೂರಕ್ಕೆ ಸುಮಾರು 1.3. ಈ ಜೋಡಿ ಸದ್ಯಕ್ಕೆ ಮೇಲಿನ ಪಾಲಿನಲ್ಲಿ ಮುಂದಿರುತ್ತದೆ. ಜೊತೆಗಿರುವ ಎಲೆ 3 ಅಥವಾ 4 ಆಗಿದ್ದರೆ ಕೆಳಗಿನ ಪಾಲಿಗೂ ದಾರಿ ತೆರೆದಿರುತ್ತದೆ. ಆದರೆ ಆಡುವವರು ಹೆಚ್ಚಿದಂತೆಲ್ಲ ಒಂಟಿ ಜೋಡಿಯ ಬಲ ಕುಗ್ಗುತ್ತದೆ. ಆದ್ದರಿಂದ ಮೊದಲ ಸರದಿಯಲ್ಲಿಯೇ ಪಣ ಏರಿಸಿ ಎದುರಾಳಿಗಳ ಸಂಖ್ಯೆಯನ್ನು ಕಡಿಮೆ ಮಾಡುವುದು ಲೇಸು.

3. ಒಂದೇ ಗುರುತಿನ ಅಥವಾ ಅನುಕ್ರಮವಾದ ಮೂರು ಸಣ್ಣ ಎಲೆಗಳು: ಬೇರೆ ಬೇರೆ ಬೆಲೆಯ ಮೂರು ಸಣ್ಣ ಎಲೆಗಳು ನೂರಕ್ಕೆ ಸುಮಾರು 16 ಬಾರಿ ಬರುತ್ತವೆ. ಮೂರೂ ಒಂದೇ ಗುರುತಿನವಾಗಿರುವುದು ನೂರಕ್ಕೆ ಒಂದೇ ಬಾರಿ. ಆಟೀನಿನ ಎಕ್ಕ, 3, 5 ಇಂತಹ ಕೈಗೆ ಉದಾಹರಣೆ. ಇದರ ಬೆಲೆಯಿರುವುದು ಮುಂದೆ ಪೂರ್ಣ ರಾಶಿಯನ್ನು ಗೆಲ್ಲುವ ಸಾಧ್ಯತೆಯಲ್ಲಿ. ಹಾಗಾಗಿ ಇದಕ್ಕೆ ಜನ ಬೇಕು. ತನ್ನ ನಂತರ ಆಡಬೇಕಾದವರು ಅನೇಕರಿದ್ದು, ಇನ್ನೂ ಯಾರೂ ಹಣ ಹಾಕಿರದಿದ್ದಾಗ ಪಣ ಏರಿಸಿದರೆ ಗಿರಾಕಿಗಳನ್ನು ಅಂಗಡಿಯ ಬಾಗಿಲಿನಲ್ಲಿಯೇ ಹಿಂದಕ್ಕೆ ಕಳುಹಿಸಿದಂತಾಗುತ್ತದೆ. ಮೂವರು ಆಗಲೇ ಹಣ ಹಾಕಿದ್ದರೆ ಮಾತು ಬೇರೆ. ಅವರು ಇನ್ನೊಂದು ಸಣ್ಣ ಪಣಕ್ಕಾಗಿ ಆಟ ಬಿಡುವುದು ಅಪರೂಪ. ಆಗ ಏರಿಸಿದರೆ ರಾಶಿ ಬೆಳೆಯುತ್ತದೆ, ಜನರೂ ಉಳಿಯುತ್ತಾರೆ. ನಾಲ್ವರ ಆಟದಲ್ಲಿ ರಾಶಿಯ ಸರಾಸರಿ ಕಾಲು ಭಾಗಕ್ಕಿಂತ ಹೆಚ್ಚು ತನಗೆ ಬರುವಂತಿದ್ದರೆ ಹೆಚ್ಚುವರಿಯಾಗಿ ಹಾಕುವ ಪ್ರತಿಯೊಂದು ಬಿಲ್ಲೆಯೂ ಲಾಭದಾಯಕವೆಂಬುದು ಇದರ ಸೂತ್ರ.

4. ರಾಜ ಅಥವಾ ರಾಣಿಯ ಜೋಡಿ: ನೋಟಕ್ಕೆ ಬಲಿಷ್ಠವಾದ ಈ ಕೈ ಹೊಸಬರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಇದು ಕೆಳಗಿನ ಪಾಲನ್ನು ಗೆಲ್ಲುವುದು ಹೆಚ್ಚುಕಡಿಮೆ ಅಸಾಧ್ಯ. ಸಣ್ಣ ಎಲೆಗಳನ್ನು ತೋರಿಸುತ್ತಿರುವ ಮೂವರು ಆಗಲೇ ಆಟದಲ್ಲಿದ್ದರೆ ಅವರಲ್ಲಿ ಯಾರಾದರೊಬ್ಬರು ಅರ್ಧ ರಾಶಿಯನ್ನು ಒಯ್ಯುವುದು ಬಹುಮಟ್ಟಿಗೆ ಖಚಿತ. ಅವರಿಗೆ ಸರಣಿ ಕೂಡಿದರೆ ಉಳಿದರ್ಧವೂ ಕೈತಪ್ಪುತ್ತದೆ. ಅಂತಹಲ್ಲಿ ಆಟ ಬಿಡುವುದೇ ಉಚಿತ. ಏರಿಸಿದ ಪಣದಿಂದ ಉಳಿದವರೆಲ್ಲ ಹಿಂದೆ ಸರಿದು ಸಣ್ಣ ಎಲೆಗಳ ಒಬ್ಬನೇ ಎದುರಾಳಿ ಉಳಿಯುವಂತಿದ್ದರೆ ಮಾತ್ರ ಏರಿಸಬೇಕು. ಏಕೆಂದರೆ, ಮುಂದೆ ಕಾಣುವಂತೆ, ಆ ಒಬ್ಬನ ಸಣ್ಣ ಕೈ ಪೂರ್ಣವಾಗದಿರುವ ಸಾಧ್ಯತೆಯೇ ಅರ್ಧಕ್ಕಿಂತ ತುಸು ಹೆಚ್ಚು.

ನಾಲ್ಕನೆಯ ಎಲೆಯ ಮಹತ್ವ

ಮೂರು ಸಣ್ಣ ಎಲೆಗಳಿಂದ ಆರಂಭಿಸಿದವನಿಗೆ ಇನ್ನೂ ನಾಲ್ಕು ಎಲೆಗಳು ಬರಲಿವೆ. ಬೇರೆಯವರ ಎಲೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಉಳಿದ 49 ಎಲೆಗಳ ಮೇಲೆ ಗಣಿಸಿದರೆ, ಏಳನೆಯ ಎಲೆಯ ಹೊತ್ತಿಗೆ ಐದು ಸಣ್ಣ ಎಲೆಗಳು ಕೂಡುವ ಸಾಧ್ಯತೆ ನೂರಕ್ಕೆ 48. ನಾಲ್ಕನೆಯ ಎಲೆಯಾಗಿ ಹೊಸ ಸಣ್ಣ ಎಲೆ ಬಂದರೆ ಅದು 71ಕ್ಕೆ ಏರುತ್ತದೆ. ದೊಡ್ಡ ಎಲೆ ಬಂದರೆ, ಅಥವಾ ಕೈಯಲ್ಲಿರುವ ಎಲೆಯೇ ಮತ್ತೆ ಬಂದು ಜೋಡಿಯಾದರೆ, 32ಕ್ಕೆ ಇಳಿಯುತ್ತದೆ. ಒಂದೇ ಎಲೆ ಇಷ್ಟು ದೊಡ್ಡ ಅಂತರವನ್ನು ಉಂಟುಮಾಡುತ್ತದೆ.

ಈ ಮಾಹಿತಿ ದೊರೆಯುವುದು ಪಣ ಇನ್ನೂ 10 ಬಿಲ್ಲೆಯಾಗಿರುವಾಗ. ಮುಂದಿನ ಎಲೆಯಿಂದ ಅದು ಇಮ್ಮಡಿಯಾಗುತ್ತದೆ. ಆದ್ದರಿಂದ ನಾಲ್ಕನೆಯ ಎಲೆ ಕೆಟ್ಟದಾಗಿ, ಇಬ್ಬರು ಎದುರಾಳಿಗಳಿಗೆ ಒಳ್ಳೆಯ ಸಣ್ಣ ಎಲೆಗಳು ಬಂದಿದ್ದರೆ, ಆರಂಭದ ಕೈ ಎಷ್ಟೇ ಸುಂದರವಾಗಿದ್ದರೂ ಅದನ್ನು ಕೆಳಗಿಡುವುದೇ ವಿವೇಕ. ಮೊದಲ ಸುತ್ತಿನಲ್ಲಿ ತಾನೇ ಪಣ ಏರಿಸಿದ್ದೆನೆಂಬ ಅಭಿಮಾನ ಇಲ್ಲಿ ಶತ್ರು. ಹಾಕಿದ ಹಣ ರಾಶಿಗೆ ಸೇರಿದ ಮೇಲೆ ಅದು ನಮ್ಮದಲ್ಲ.

ತೆರೆದ ಎಲೆಗಳನ್ನು ಎಣಿಸುವುದೂ ಅಷ್ಟೇ ಅಗತ್ಯ. ತನಗೆ ಬೇಕಾದ ಸಣ್ಣ ಎಲೆಗಳು ಇತರರ ಮುಂದೆ ತೆರೆದು ಬಿದ್ದಿದ್ದರೆ ಮೇಲೆ ಹೇಳಿದ 48 ಇನ್ನೂ ಇಳಿಯುತ್ತದೆ. ಸುತ್ತಲೂ ರಾಜ, ರಾಣಿ, ಗುಲಾಮಗಳೇ ಕಾಣುತ್ತಿದ್ದರೆ ಅದು ಏರುತ್ತದೆ, ಕೆಳಗಿನ ಪಾಲಿಗೆ ಪೈಪೋಟಿಯೂ ಕಡಿಮೆ. ಇನ್ನೊಬ್ಬನಲ್ಲಿಯೂ ಅದೇ ಬೆಲೆಯ ಸಣ್ಣ ಕೈ ಕೂಡಿದರೆ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ಆಗ ಬರುವುದು ರಾಶಿಯ ಕಾಲು ಭಾಗ. ಮೂವರ ಆಟದಲ್ಲಿ 80 ಹೂಡಿ 60 ಹಿಂಪಡೆದವನು ಗೆದ್ದೂ 20 ಬಿಲ್ಲೆ ಕಳೆದುಕೊಂಡಿರುತ್ತಾನೆ.

ಉದ್ಯಮಕ್ಕೆ ಅನ್ವಯ

ನಮ್ಮ ಸಣ್ಣ ಕೈಗಾರಿಕೆಗಳಿಗೆ ಅರ್ಧ ಪಾಲಿನ ಸ್ಪರ್ಧೆ ಹೊಸದಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರವು ಹೊರಡಿಸಿದ 2012ರ ಸಾರ್ವಜನಿಕ ಖರೀದಿ ನೀತಿ ಆದೇಶವನ್ನು ಗಮನಿಸಬಹುದು. ಕನಿಷ್ಠ ದರ ನಮೂದಿಸಿದವರು ಸಣ್ಣ ಉದ್ಯಮಿಯಲ್ಲದಿದ್ದು, ಸಣ್ಣ ಘಟಕವೊಂದರ ದರ ಅದಕ್ಕಿಂತ ಶೇಕಡಾ 15ರ ಅಂತರದೊಳಗಿದ್ದರೆ, ಆ ಘಟಕವು ಕನಿಷ್ಠ ದರಕ್ಕೆ ಒಪ್ಪಿ ಟೆಂಡರಿನ ಒಂದು ಭಾಗವನ್ನು ಪೂರೈಸಲು ಅದರಲ್ಲಿ ಅವಕಾಶವಿದೆ. ಮೊದಲು ಶೇಕಡಾ 20 ಇದ್ದ ಈ ಭಾಗವನ್ನು 2018ರ ತಿದ್ದುಪಡಿಯಲ್ಲಿ ಶೇಕಡಾ 25ಕ್ಕೆ ಏರಿಸಲಾಯಿತು. ಅರ್ಹ ಘಟಕಗಳು ಹಲವಿದ್ದರೆ ಆ ಭಾಗವೂ ಅವುಗಳ ನಡುವೆ ಹಂಚಿಹೋಗುತ್ತದೆ.

ತನ್ನ ದರ ಬಲವಾಗಿದೆಯೆಂಬ ನಂಬಿಕೆಯಿಂದ ಇಡೀ ಟೆಂಡರಿಗೆ ಬೇಕಾಗುವ ಕಚ್ಚಾ ಸಾಮಗ್ರಿಯನ್ನು ಬ್ಯಾಂಕಿನ ಸಾಲದಿಂದ ಮುಂಚಿತವಾಗಿ ಕೊಂಡಿಡುವ ಘಟಕವು ರಾಜನ ಜೋಡಿ ಹಿಡಿದು ಪಣ ಏರಿಸಿದ ಆಟಗಾರನ ಸ್ಥಿತಿಯಲ್ಲಿರುತ್ತದೆ. ಕೈ ದುರ್ಬಲವಲ್ಲ, ಆದರೆ ಅದು ಗೆಲ್ಲಬಹುದಾದುದು ಒಂದು ಪಾಲನ್ನು ಮಾತ್ರ, ಹೂಡಿಕೆ ಮಾತ್ರ ಪೂರ್ಣದ್ದು. ಅದರ ಬದಲು ಮೊದಲ ಕಂತಿಗೆ ಬೇಕಾದಷ್ಟನ್ನೇ ಕೊಂಡು, ಆದೇಶದ ಪ್ರಮಾಣ ಖಚಿತವಾದ ಮೇಲೆ ಉಳಿದುದಕ್ಕೆ ಹಣ ತೊಡಗಿಸುವುದು ನಾಲ್ಕನೆಯ ಎಲೆಯನ್ನು ಕಂಡು ಮುಂದುವರಿಯುವುದಕ್ಕೆ ಸಮಾನ.

ಸಾರಾಂಶವಾಗಿ ಹೇಳುವುದಾದರೆ, ಪಣ ಏರಿಸುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ನನ್ನ ಬಲ ಪೂರ್ಣ ರಾಶಿಗೋ, ಅರ್ಧಕ್ಕೋ? ನನಗೆ ಹೆಚ್ಚು ಜನ ಬೇಕೋ, ಕಡಿಮೆ ಜನ ಬೇಕೋ? ಪಣ ಇಮ್ಮಡಿಯಾಗುವ ಮುನ್ನ ಇನ್ನೆಷ್ಟು ಮಾಹಿತಿ ದೊರೆಯಲಿದೆ? ಈ ಮೂರಕ್ಕೂ ಅನುಕೂಲಕರ ಉತ್ತರವಿದ್ದಾಗ ಹಿಂಜರಿಯದೆ ಏರಿಸಬೇಕು. ಅಂತಹ ಸಂದರ್ಭದಲ್ಲಿ ಸುಮ್ಮನಿರುವುದೂ ನಷ್ಟವೇ. ಉತ್ತರ ದೊರೆಯದಿದ್ದಾಗ ಒಂದು ಎಲೆಯ ಕಾಲ ಕಾಯುವುದು ಹೇಡಿತನವೆನಿಸುವುದಿಲ್ಲ. ಬಂಡವಾಳ ಅಲ್ಪವಾಗಿರುವವರಿಗೆ ಈ ಕಾಯುವಿಕೆಯೇ ಅತಿ ಅಗ್ಗದ ವಿಮೆ.