ಬದಲಾಗಬೇಕಾದದ್ದು ವಿಶ್ವವಿದ್ಯಾಲಯವೇ, ಕಾಲೇಜೇ?

ಪದವಿಯ ಎರಡನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಬಹಳಷ್ಟು ಮನೆಗಳಲ್ಲಿ ಈ ಮಾತು ಏಳುತ್ತದೆ. ಪಾಠ ಸರಿಯಿಲ್ಲ, ಫಲಿತಾಂಶ ತಡವಾಗುತ್ತದೆ, ಊರು ಒಗ್ಗುತ್ತಿಲ್ಲ, ಪಕ್ಕದ ಮನೆಯ ಹುಡುಗಿ ಸೇರಿದ ಯೂನಿವರ್ಸಿಟಿಗೆ ಹೆಸರು ಹೆಚ್ಚು, ಬದಲಿಸಿಬಿಡೋಣವೇ? ಅಪ್ಪ ಅಮ್ಮ ಒಂದೋ ‘ಮೂರು ವರ್ಷ ತಾನೇ, ಹೇಗೋ ಹೊಂದಿಕೊಂಡು ಹೋಗು’ ಎನ್ನುತ್ತಾರೆ, ಇಲ್ಲವೇ ಮಗುವಿನ ಕಣ್ಣೀರು ನೋಡಲಾರದೆ ಮರುದಿನವೇ ಟಿಸಿ ತರಲು ಹೊರಡುತ್ತಾರೆ. ಎರಡೂ ಅವಸರದ ಉತ್ತರಗಳೇ. ಕರ್ನಾಟಕದಲ್ಲಿ ಪದವಿ ಓದುವವರಲ್ಲಿ ಹೆಚ್ಚಿನವರು ದಿನಗಳೆಯುವುದು ವಿಶ್ವವಿದ್ಯಾಲಯದಲ್ಲಿ ಅಲ್ಲ, ಅದಕ್ಕೆ ಸಂಯೋಜನೆಗೊಂಡ ಕಾಲೇಜಿನಲ್ಲಿ. ಪಠ್ಯಕ್ರಮ, ಪರೀಕ್ಷೆ, ಮೌಲ್ಯಮಾಪನ, ಅಂಕಪಟ್ಟಿ, ಪದವಿ ಪ್ರಮಾಣಪತ್ರ ಇವು ವಿಶ್ವವಿದ್ಯಾಲಯದವು. ಪಾಠ ಮಾಡುವ ಮೇಷ್ಟ್ರು, ಲ್ಯಾಬು, ಲೈಬ್ರರಿ, ಹಾಸ್ಟೆಲ್ಲು, ಅಕ್ಕಪಕ್ಕ ಕೂರುವ ಗೆಳೆಯರು ಕಾಲೇಜಿನವರು. ಆದ್ದರಿಂದ ಎಲ್ಲಿಗೆ ಹೋಗಬೇಕೆಂದು ಹುಡುಕುವ ಮೊದಲು, ಈಗ ಕಾಡುತ್ತಿರುವ ಕೊರತೆ ಯಾರದು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಕೊರತೆ ಎಲ್ಲಿದೆಯೋ ಅಲ್ಲಿಗೆ ಮಾತ್ರ ತಲುಪುವ ಬದಲಾವಣೆ ಸಾಕು. ಅದನ್ನು ಮೀರಿದ್ದಕ್ಕೆ ವಿದ್ಯಾರ್ಥಿ ತನ್ನ ವರ್ಷಗಳಿಂದ ಬೆಲೆ ತೆರುತ್ತಾನೆ.

ವಿಶ್ವವಿದ್ಯಾಲಯದ ಹೆಸರು ಮತ್ತು ಕಲಿಕೆ ಎಷ್ಟು ದೂರದ ಸಂಗತಿಗಳೆಂಬುದನ್ನು ನಮ್ಮ ರಾಜ್ಯದ ಇತ್ತೀಚಿನ ಇತಿಹಾಸವೇ ತೋರಿಸಿದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಒಡೆಯಿತು. 2023ರಲ್ಲಿ ಹಾಸನ, ಕೊಡಗು, ಚಾಮರಾಜನಗರ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್‌ಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಶುರುವಾದವು. ಮೈಸೂರಿನ ಹೆಸರಿನಲ್ಲಿ ಪದವಿ ಕೊಡುತ್ತಿದ್ದ ಹಾಸನದ ಕಾಲೇಜು, ಮಂಗಳೂರಿನ ಹೆಸರಿನಲ್ಲಿ ಕೊಡುತ್ತಿದ್ದ ಮಡಿಕೇರಿಯ ಕಾಲೇಜು ನಿಂತಲ್ಲೇ ಬೇರೆ ವಿಶ್ವವಿದ್ಯಾಲಯದ ಪಾಲಾದವು. ಅದೇ ಕಟ್ಟಡ, ಅದೇ ಉಪನ್ಯಾಸಕರು, ಅದೇ ಅತಿಥಿ ಉಪನ್ಯಾಸಕರ ಕೊರತೆ. ಹೊಸ ವಿಶ್ವವಿದ್ಯಾಲಯಗಳಲ್ಲಿ ಹಲವನ್ನು ಮುಚ್ಚುವ ಅಥವಾ ಹಳೆಯವುಗಳೊಡನೆ ವಿಲೀನ ಮಾಡುವ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲೇ ನಡೆಯಿತು. ಅಂಥ ಊರುಗಳ ವಿದ್ಯಾರ್ಥಿಗಳಿಗೆ ತಮ್ಮ ಪ್ರಮಾಣಪತ್ರದ ಭವಿಷ್ಯದ ಬಗ್ಗೆ ಆತಂಕ ಹುಟ್ಟಿದ್ದು ಸಹಜ, ಅದನ್ನು ನಿವಾರಿಸುವುದು ಸರ್ಕಾರದ ಹೊಣೆ. ಆದರೆ ತರಗತಿಯಲ್ಲಿ ಏನು ಕಲಿತರು ಎಂಬುದನ್ನು ಆ ಹೆಸರಿನ ಬದಲಾವಣೆ ಹೆಚ್ಚಿಸಲೂ ಇಲ್ಲ, ಕಡಿಮೆ ಮಾಡಲೂ ಇಲ್ಲ. ಹಾಗೆಯೇ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ದೇಶಕ್ಕೇ ಹೆಸರಾದ ಎಂಜಿನಿಯರಿಂಗ್ ಕಾಲೇಜುಗಳೂ ಇವೆ, ಸೀಟು ತುಂಬದೆ ಒದ್ದಾಡುವ ಕಾಲೇಜುಗಳೂ ಇವೆ. ‘ವಿಟಿಯು ಸರಿಯಿಲ್ಲ’ ಎಂದು ದೂರುವ ವಿದ್ಯಾರ್ಥಿಯ ಸಂಕಟ ಎಷ್ಟೋ ಸಲ ತನ್ನ ಡಿಪಾರ್ಟ್‌ಮೆಂಟಿನದು.

ಈ ವಿಂಗಡಣೆ ಮುಖ್ಯವಾಗುವುದು ಬೆಲೆಯ ದೃಷ್ಟಿಯಿಂದ. ಒಂದೇ ವಿಶ್ವವಿದ್ಯಾಲಯದೊಳಗೆ ಕಾಲೇಜು ಬದಲಿಸಿದರೆ ಪಠ್ಯಕ್ರಮ ಅದೇ, ಪಾಸಾದ ವಿಷಯಗಳು ಪಾಸಾಗಿಯೇ ಉಳಿಯುತ್ತವೆ. ಎರಡೂ ಕಾಲೇಜುಗಳ ನಿರಾಕ್ಷೇಪಣಾ ಪತ್ರ, ವಿಶ್ವವಿದ್ಯಾಲಯದ ಒಪ್ಪಿಗೆ, ಹೋಗುವ ಕಡೆ ಖಾಲಿ ಸೀಟು ಬೇಕು. ಓಡಾಟವಿದೆ, ಆದರೆ ಓದು ಹಿಂದಕ್ಕೆ ಹೋಗುವುದಿಲ್ಲ. ಕಾಲೇಜು ಸ್ವಾಯತ್ತವಾಗಿದ್ದರೆ ಮಾತ್ರ ಅದರ ಪಠ್ಯಕ್ರಮವೇ ಬೇರೆ, ಆಗ ಈ ಅನುಕೂಲ ಕಡಿಮೆಯಾಗುತ್ತದೆ. ವಿಶ್ವವಿದ್ಯಾಲಯವನ್ನೇ ಬದಲಿಸಿದಾಗ ಮೈಗ್ರೇಷನ್ ಸರ್ಟಿಫಿಕೇಟ್, ಎಲಿಜಿಬಿಲಿಟಿ ಸರ್ಟಿಫಿಕೇಟ್‌ಗಳ ಜೊತೆಗೆ ತತ್ಸಮಾನತೆಯ ಪ್ರಶ್ನೆ ಏಳುತ್ತದೆ: ನೀವು ಅಲ್ಲಿ ಓದಿದ ವಿಷಯ ಇಲ್ಲಿಯ ಯಾವ ವಿಷಯಕ್ಕೆ ಸಮ? ಯಾವುದಕ್ಕೂ ಸಮವಲ್ಲವೆಂದರೆ ಅದನ್ನು ಮತ್ತೆ ಓದಿ, ಮತ್ತೆ ಪರೀಕ್ಷೆ ಬರೆಯಬೇಕು. ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ತಂದು, 2024-25ರಿಂದ ಮೂರು ವರ್ಷದ ಪದವಿಗೆ ಮರಳಿದಾಗ ಈ ತೊಡಕು ಇನ್ನೂ ಬಿಗಿಯಾಯಿತು. ಒಂದು ವರ್ಷ ಕಳೆದುಕೊಂಡು ಕಿರಿಯರ ಜೊತೆ ಕೂರುವವರು ಬೇರೆಯೇ ವಿಷಯರಚನೆಯ ತರಗತಿಯಲ್ಲಿ ಕೂರಬೇಕಾದ ಸ್ಥಿತಿ ಅದು.

ವಿಶ್ವವಿದ್ಯಾಲಯ ಬದಲಿಸುವುದು ಮಾಮೂಲಿಯಾಗಿರುವ ಅಮೆರಿಕದಲ್ಲೇ ಈ ಬೆಲೆ ಸಣ್ಣದಲ್ಲ. ಅಲ್ಲಿ 2008ರಲ್ಲಿ ಕಾಲೇಜು ಸೇರಿದವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಆರು ವರ್ಷದೊಳಗೆ ಒಮ್ಮೆಯಾದರೂ ಸಂಸ್ಥೆ ಬದಲಿಸಿದ್ದರು. 2004ರಿಂದ 2009ರ ನಡುವೆ ಹೀಗೆ ಬದಲಿಸಿದವರು ಸರಾಸರಿ ಶೇ. 43ರಷ್ಟು ಕ್ರೆಡಿಟ್‌ಗಳನ್ನು ಕಳೆದುಕೊಂಡರೆಂದು ಅಲ್ಲಿಯ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2017ರ ವರದಿಯಲ್ಲಿ ಅಂದಾಜು ಮಾಡಿತು. ಬದಲಿಸಿದ ಮೊದಲ ಅವಧಿಯಲ್ಲಿ ಅಂಕಗಳು ಕುಸಿಯುವುದನ್ನು ಜಾನ್ ಹಿಲ್ಸ್ ಎಂಬ ಸಂಶೋಧಕರು 1965ರಷ್ಟು ಹಿಂದೆಯೇ ದಾಖಲಿಸಿದ್ದರು; ಹಲವರು ಮುಂದೆ ಚೇತರಿಸಿಕೊಂಡದ್ದನ್ನೂ ಅವರು ಕಂಡಿದ್ದರು. ಚೇತರಿಕೆ ಇದೆ ಎಂಬುದು ಸಮಾಧಾನದ ವಿಷಯ. ಆದರೆ ನಾಲ್ಕೇ ಸೆಮಿಸ್ಟರ್ ಉಳಿದಿರುವವರಿಗೆ ಚೇತರಿಸಿಕೊಳ್ಳಲು ಸಮಯ ಎಲ್ಲಿದೆ?

ಈಗ ಕ್ರೆಡಿಟ್ ಬ್ಯಾಂಕ್ ಬಂದಿದೆಯಲ್ಲ ಎಂದು ಕೆಲವರು ಕೇಳಬಹುದು. ಯುಜಿಸಿ 2021ರ ಜುಲೈನಲ್ಲಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಒಳ್ಳೆಯ ವ್ಯವಸ್ಥೆಯೇ. ಗಳಿಸಿದ ಕ್ರೆಡಿಟ್‌ಗಳು ಡಿಜಿಟಲ್ ಖಾತೆಯಲ್ಲಿ ಏಳು ವರ್ಷದವರೆಗೆ ಜಮೆಯಾಗಿರುತ್ತವೆ. ಓದು ನಡುವೆ ನಿಲ್ಲಿಸಿದವರಿಗೆ ಇದು ದೊಡ್ಡ ಆಸರೆ. ಆದರೆ ಜಮೆಯಾಗಿರುವುದು ಬೇರೆ, ಇನ್ನೊಂದು ಸಂಸ್ಥೆ ಅದನ್ನು ಒಪ್ಪಿಕೊಳ್ಳುವುದು ಬೇರೆ. ತನ್ನ ಪಠ್ಯಕ್ಕೆ ಹೊಂದುತ್ತದೆಯೇ ಎಂದು ನೋಡುವುದು ಸೇರಿಸಿಕೊಳ್ಳುವ ಸಂಸ್ಥೆಯೇ. ಜೊತೆಗೆ, ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಅಂದರೆ ಅರ್ಧ ದಾರಿ ದಾಟಿದ ಮೇಲೆ ಬದಲಿಸುವವರ ಗಳಿಕೆಯಲ್ಲಿ ಒಂದು ಭಾಗ ಖಾತೆಯಲ್ಲಿದ್ದೂ ಕೈಗೆ ಬರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಸರಿನದು. ‘ಕಲಿಕೆ ಎಲ್ಲಾದರೂ ಆಗಲಿ, ಕೆಲಸ ಕೊಡುವವರು ನೋಡುವುದು ಹೆಸರನ್ನೇ’ ಎಂಬ ಮಾತನ್ನು ಸುಳ್ಳೆಂದು ತಳ್ಳಿಹಾಕುವುದು ವಿದ್ಯಾರ್ಥಿಗಳಿಗೆ ಮಾಡುವ ಮೋಸ. ಅರ್ಥಶಾಸ್ತ್ರಜ್ಞೆ ಶೀತಲ್ ಸೇಖ್ರಿ ಭಾರತದ ಕಾಲೇಜುಗಳ ಬಗ್ಗೆ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಪ್ರತಿಷ್ಠಿತ ಸರ್ಕಾರಿ ಕಾಲೇಜಿನ ಕಟ್ ಆಫ್ ಅನ್ನು ಕೂದಲೆಳೆಯಲ್ಲಿ ದಾಟಿದವರು, ಕೂದಲೆಳೆಯಲ್ಲಿ ತಪ್ಪಿಸಿಕೊಂಡವರಿಗಿಂತ ಹೆಚ್ಚು ಸಂಬಳ ಪಡೆದರು. ಪದವಿಯ ಕೊನೆಯ ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಕಲಿಕೆ ಒಂದೇ, ಹೆಸರಿಗೆ ಬೆಲೆ. ಅಮೆರಿಕದಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಕಂಡದ್ದು ಸ್ವಲ್ಪ ಬೇರೆ: ಪ್ರತಿಷ್ಠಿತ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಸಾಧಾರಣ ಕಾಲೇಜಿಗೆ ಹೋದವರು ಗಳಿಕೆಯಲ್ಲಿ ಹಿಂದೆ ಬೀಳಲಿಲ್ಲ, ಆದರೆ ಬಡ ಮನೆಗಳಿಂದ ಬಂದವರಿಗೆ ಪ್ರತಿಷ್ಠಿತ ಕಾಲೇಜಿನಿಂದ ಲಾಭವಾಗಿತ್ತು. ಮನೆಯಲ್ಲಿ ಶಿಫಾರಸು ಮಾಡುವವರಿಲ್ಲದ, ಮೊದಲ ತಲೆಮಾರಿನ ಪದವೀಧರರಿಗೆ ಹೆಸರು ಬಾಗಿಲು ತೆರೆಯುತ್ತದೆ ಎಂದೇ ಇದರ ಅರ್ಥವೆಂದು ನಾನು ಓದಿಕೊಳ್ಳುತ್ತೇನೆ. ಹಾಗಿದ್ದರೂ ಹೆಸರಿಗಾಗಿ ಪದವಿಯ ನಡುವೆ ಬದಲಿಸುವುದನ್ನು ನಾನು ಒಪ್ಪಲಾರೆ. ನಿಜವಾಗಿ ಬೆಲೆಯುಳ್ಳ ಸಂಸ್ಥೆಗಳಲ್ಲಿ ನಡುವೆ ಖಾಲಿಯಾಗುವ ಸೀಟು ಅಪರೂಪ. ಸುಲಭವಾಗಿ ಸಿಗುವುದು ಹೆಚ್ಚು ಶುಲ್ಕದ, ಜಾಹೀರಾತಿನಲ್ಲಷ್ಟೇ ದೊಡ್ಡದಾದ ಹೆಸರು. ಆ ಹೆಸರು ಬೇಕೇ ಬೇಕೆಂದರೆ ಸ್ನಾತಕೋತ್ತರ ಪದವಿ ಅದಕ್ಕೆ ತಕ್ಕ ಜಾಗ. ಜಾಮ್ ಬರೆದು ಐಐಟಿಯ ಎಂಎಸ್ಸಿಗೆ, ಸಿಯುಇಟಿ ಬರೆದು ಕಲಬುರಗಿ ಬಳಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ, ಗೇಟ್ ಬರೆದು ಎಂಟೆಕ್‌ಗೆ ಹೋಗುವವರು ಒಂದು ಕ್ರೆಡಿಟ್ಟನ್ನೂ ಕಳೆದುಕೊಳ್ಳದೆ ವಿಶ್ವವಿದ್ಯಾಲಯ ಬದಲಿಸುತ್ತಾರೆ.

ಇನ್ನು, ಯಾವ ಸಂಸ್ಥೆಯದೂ ಅಲ್ಲದ ಸಂಕಟಗಳಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷ್ ಪಾಠದ ಮುಂದೆ ಕಂಗಾಲಾಗುವುದು, ಮೊದಲ ಸಲ ಮನೆ ಬಿಟ್ಟ ಒಂಟಿತನ, ಮನಸ್ಸಿಲ್ಲದೆ ಆರಿಸಿಕೊಂಡ ವಿಷಯ. ವಿದ್ಯಾರ್ಥಿಗಳು ಕಾಲೇಜು ಬಿಡುವುದೇಕೆಂದು ದಶಕಗಳ ಕಾಲ ಅಧ್ಯಯನ ಮಾಡಿದ ವಿನ್ಸೆಂಟ್ ಟಿಂಟೊ, ಓದಿನಲ್ಲಿ ಮತ್ತು ಸಹಪಾಠಿಗಳ ಬದುಕಿನಲ್ಲಿ ಬೆರೆಯಲಾಗದಿರುವುದೇ ಬಿಡುವುದಕ್ಕೆ ದಾರಿ ಮಾಡುತ್ತದೆ ಎಂದರು. ಬೆರೆಯಲು ಸಮಯ ಬೇಕು. ಮೊದಲ ಸೆಮಿಸ್ಟರಿನ ಬೇಸರವನ್ನೇ ನಂಬಿ ಹೊರಟವರು ಹೊಸ ಜಾಗದಲ್ಲಿ, ಆಗಲೇ ಜೊತೆಗೂಡಿರುವ ಗೆಳೆಯರ ಗುಂಪಿನ ನಡುವೆ, ಅದೇ ಒಂಟಿತನವನ್ನು ಮತ್ತೆ ಮೊದಲಿನಿಂದ ಎದುರಿಸಬೇಕಾಗುತ್ತದೆ. ವಿಷಯವೇ ತಪ್ಪಾಗಿದ್ದರೆ ಅದೇ ಕಾಲೇಜಿನಲ್ಲಿ, ಆರಂಭದ ವಾರಗಳಲ್ಲೇ ಕಾಂಬಿನೇಷನ್ ಬದಲಿಸಲು ಸಾಧ್ಯವೇ ಎಂದು ಪ್ರಾಂಶುಪಾಲರನ್ನು ಮೊದಲು ಕೇಳಬೇಕು.

ಈ ತಾಳ್ಮೆಯ ಮಾತು ಒಂದು ಕಡೆ ಮಾತ್ರ ಸಲ್ಲದು. ರ‍್ಯಾಗಿಂಗ್, ಜಾತಿ ನಿಂದನೆ, ಲೈಂಗಿಕ ಕಿರುಕುಳ ಇದ್ದಲ್ಲಿ ಕ್ರೆಡಿಟ್ಟಿನ ಲೆಕ್ಕ ಹಾಕುತ್ತ ಕೂರಬಾರದು. ದೂರು ಕೊಡುವುದು ಹಕ್ಕು. ದೂರು ಕೊಟ್ಟ ಮೇಲೂ ಅಲ್ಲೇ ಉಳಿಯಬೇಕೆಂಬ ನಿಯಮವೇನಿಲ್ಲ. ‘ಹೊಂದಿಕೊಂಡು ಹೋಗು’ ಎಂದು ಅಂಥ ಮಗುವಿಗೆ ಹೇಳುವ ಹಿರಿಯರು ಅಪಾಯದ ಪರವಾಗಿ ನಿಂತಂತೆ. ಆ ಸ್ಥಿತಿಯಲ್ಲಿ ಒಂದು ವರ್ಷ ಹೋದರೆ ಹೋಗಲಿ.

ಉಳಿದವರು ಹೊರಡುವುದೇ ಸರಿಯೆಂದು ನಿರ್ಧರಿಸಿದರೆ ಕ್ರಮ ತಪ್ಪಬಾರದು. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಪೂರ್ತಿ ಶುಲ್ಕ ವಾಪಸ್, ಆ ದಿನ ಕಳೆದು 30 ದಿನ ದಾಟಿದರೆ ಸೊನ್ನೆ, ನಡುವೆ ಹಂತಹಂತವಾಗಿ ಕಡಿತ ಎಂದು ಯುಜಿಸಿಯ 2018ರ ಅಧಿಸೂಚನೆ ಗೊತ್ತುಮಾಡಿದೆ. ನಂತರದ ವರ್ಷಗಳಲ್ಲಿ ಆಯಾ ಸಾಲಿಗೆ ಬೇರೆ ದಿನಾಂಕಗಳೂ ಹೊರಬಿದ್ದಿವೆ, ಅವನ್ನು ನೋಡಿಕೊಳ್ಳಬೇಕು. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲವೆಂದೂ ಅದೇ ಅಧಿಸೂಚನೆ ಹೇಳುತ್ತದೆ, ಆದ್ದರಿಂದ ‘ಪೂರ್ತಿ ಫೀಸು ಕಟ್ಟಿದರೆ ಮಾತ್ರ ಮಾರ್ಕ್ಸ್ ಕಾರ್ಡ್’ ಎಂಬ ಬೆದರಿಕೆಗೆ ಮಣಿಯಬೇಕಾಗಿಲ್ಲ. ಹೊಸ ವಿಶ್ವವಿದ್ಯಾಲಯಕ್ಕೆ ಹಳೆಯ ಪಠ್ಯಕ್ರಮದ ಪ್ರತಿಯನ್ನು ಕೊಟ್ಟು, ಯಾವ ಯಾವ ವಿಷಯಗಳನ್ನು ಸಮವೆಂದು ಒಪ್ಪುತ್ತಾರೆ, ಯಾವುದನ್ನು ಮತ್ತೆ ಬರೆಯಬೇಕು, ಯಾವ ಸೆಮಿಸ್ಟರಿಗೆ ಸೇರಿಸಿಕೊಳ್ಳುತ್ತಾರೆ ಎಂಬುದನ್ನು ಸಹಿ ಮೊಹರಿನೊಂದಿಗೆ ಬರೆಸಿಕೊಳ್ಳಬೇಕು. ಅಡ್ಮಿಷನ್ ವಿಭಾಗದವರ ಫೋನ್ ಭರವಸೆ ಇದಕ್ಕೆ ಸಾಲದು. ಆ ಪತ್ರ ಕೈಗೆ ಬಂದ ಮೇಲೆಯೇ ಹಳೆಯ ಕಾಲೇಜಿನಲ್ಲಿ ಟಿಸಿಗೆ ಅರ್ಜಿ ಹಾಕಬೇಕು.